ಹಲ್ಲಿನ ಕುಳಿಗೆ ಪಾದರಸ: ಪಾಠ ಬದಲಿಸುವ ಹೊತ್ತು

ಮಾನ್ವಿ, ದೇವದುರ್ಗದ ಕಡೆಯಿಂದ ಕಲ್ಮಲ ದಾಟಿ ರಾಯಚೂರಿಗೆ ಬರುವ ಬೆಳಗಿನ ಬಸ್ಸುಗಳಲ್ಲಿ ಗಲ್ಲಕ್ಕೆ ಸೆರಗು ಒತ್ತಿ ಹಿಡಿದು ಕೂತವರು ಆಗಾಗ ಕಾಣುತ್ತಾರೆ. ಲವಂಗ ಕಚ್ಚಿಕೊಂಡು ರಾತ್ರಿ ಕಳೆದಿರುತ್ತಾರೆ. ಹತ್ತಿ ಬಿಡಿಸುವ ಕೂಲಿಯನ್ನೋ ಭತ್ತದ ನಾಟಿಯನ್ನೋ ಒಂದು ದಿನ ಬಿಟ್ಟು ಬಂದಿರುತ್ತಾರೆ. ಹಲ್ಲಿನ ಆಸ್ಪತ್ರೆ ಎಂದರೆ ಅವರಿಗೆ ದಂತ ಕಾಲೇಜು. ಅಲ್ಲಿ ಖರ್ಚು ಕಡಿಮೆ.

ಚೀಟಿ ಮಾಡಿಸಿ, ಬೆಂಚಿನ ಮೇಲೆ ಕಾದು, ಕೊನೆಗೆ ಕುರ್ಚಿ ಹತ್ತಿದಾಗ ಎದುರಿಗೆ ನಿಲ್ಲುವುದು ಬಿಳಿ ಕೋಟಿನ ವಿದ್ಯಾರ್ಥಿನಿ. ಅವಳಿಗೆ ಕೇಳಿಬರುವ ಮಾತು ಬಹುಪಾಲು ಒಂದೇ ಧಾಟಿಯದು: ‘ಉಳಿತದಂದ್ರ ಉಳಿಸ್ರಿ ಮೇಡಂ, ಇಲ್ಲಾಂದ್ರ ಕಿತ್ತು ಬಿಡ್ರಿ. ಆದ್ರ ಇವತ್ತs ಮುಗಿಸ್ರಿ. ಮತ್ತ ಮತ್ತ ಬರಾಕ ಆಗಂಗಿಲ್ರಿ.’

ಇವತ್ತೇ ಮುಗಿಯಬೇಕು, ರೊಟ್ಟಿ ಅಗಿದರೂ ಒಡೆಯದಂತೆ ಇರಬೇಕು, ಕೈಗೆಟುಕುವ ದುಡ್ಡಿನಲ್ಲಿ ಆಗಬೇಕು. ಬಡವರ ದವಡೆ ಹಲ್ಲಿನ ಈ ಮೂರು ಬೇಡಿಕೆಗೆ ದಂತವೈದ್ಯರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕೊಟ್ಟ ಉತ್ತರ ಅಮಾಲ್ಗಮ್. ಬೂದು ಬಣ್ಣದ, ಪಾದರಸ ಬೆರೆತ ಲೋಹದ ತುಂಬು. ನಮ್ಮ ಊರುಗಳಲ್ಲಿ ಜನ ಅದನ್ನು ‘ಬೆಳ್ಳಿ ತುಂಬಿಸೋದು’ ಎನ್ನುತ್ತಾರೆ.

ಆ ಉತ್ತರದ ಕಾಲ ಮುಗಿಯುತ್ತಿದೆ. 2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ, ಪಾದರಸಕ್ಕೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2034ರ ಹೊತ್ತಿಗೆ ಹಲ್ಲಿನ ಅಮಾಲ್ಗಮ್ ಬಳಕೆಯನ್ನು ಕೊನೆಗೊಳಿಸಲು ಒಪ್ಪಿದವು. ಭಾರತವೂ ಆ ಒಪ್ಪಂದದೊಳಗಿದೆ. 2026ರಲ್ಲಿ ಬಿಡಿಎಸ್‌ಗೆ ಸೇರುವ ಹುಡುಗಿ ನಾಲ್ಕು ವರ್ಷ ಓದಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು ಹೊರಬರುವುದು 2031ಕ್ಕೆ. ಅವಳ ವೃತ್ತಿಜೀವನದ ಮೊದಲ ಮೂರು ವರ್ಷ ಕಳೆಯುವುದರೊಳಗೆ ಈ ವಸ್ತುವಿಗೆ ಗಡುವು ಬಂದಿರುತ್ತದೆ. ಹಾಗಾದರೆ ಕಾಲೇಜಿನಲ್ಲಿ ಅವಳ ಕೈಗೆ ಯಾವ ಕೆಲಸ ಕಲಿಸಬೇಕು?

ರಾಯಚೂರು ನಗರವೊಂದರಲ್ಲೇ ಎಎಂಇ ಮತ್ತು ನವೋದಯ ಎಂಬ ಎರಡು ದಂತ ಕಾಲೇಜುಗಳಿವೆ. ಇದು ದೂರದ ಜಿನೀವಾದಲ್ಲಿ ಬಿಟ್ಟುಬಿಡುವ ಪ್ರಶ್ನೆಯಲ್ಲ.

ತೂಕದಲ್ಲಿ ಅರ್ಧಪಾಲು

ಬೆಳ್ಳಿ, ತವರ, ತಾಮ್ರ, ಕೆಲವೊಮ್ಮೆ ಸ್ವಲ್ಪ ಸತುವು ಸೇರಿದ ಮಿಶ್ರಲೋಹದ ಪುಡಿ ಒಂದು ಕಡೆ, ದ್ರವ ಪಾದರಸ ಇನ್ನೊಂದು ಕಡೆ. ಎರಡನ್ನೂ ಹೆಚ್ಚುಕಡಿಮೆ ಸಮತೂಕದಲ್ಲಿ ಬೆರೆಸಿದರೆ ಬೆಣ್ಣೆಯಷ್ಟು ಮೆತ್ತಗಿನ ಮುದ್ದೆಯಾಗುತ್ತದೆ. ಅದನ್ನು ಹಲ್ಲಿನ ಕುಳಿಗೆ ಒತ್ತಿ ತುಂಬಿ, ಗಟ್ಟಿಯಾಗುವ ಮೊದಲು ಹಲ್ಲಿನ ಉಬ್ಬುತಗ್ಗುಗಳನ್ನು ಕೆತ್ತಿ, ಒಂದು ದಿನ ಬಿಟ್ಟು ಹೊಳಪು ಕೊಟ್ಟರೆ ಕೆಲಸ ಮುಗಿಯಿತು. ದೊಡ್ಡ ದವಡೆ ಹಲ್ಲಿನ ಒಂದು ತುಂಬಿಗೆ ಅರ್ಧ ಗ್ರಾಂ ಆಸುಪಾಸು ಪಾದರಸ ಬೇಕು.

ಹಿಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ಇದನ್ನು ಗಾಜಿನ ಕಲ್ಬತ್ತಿನಲ್ಲಿ ಅರೆಯುತ್ತಿದ್ದರು. ಹೆಚ್ಚಾದ ಪಾದರಸವನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದರು. ಮುದ್ದೆಯನ್ನು ಅಂಗೈಯಲ್ಲೇ ನಾದಿದವರೂ ಉಂಟು. ಕೈಬೆರಳಿನಲ್ಲಿ ಚಿನ್ನದ ಉಂಗುರವಿದ್ದರೆ ತೆಗೆದಿಡಬೇಕೆಂಬುದು ಪ್ರಯೋಗಾಲಯದ ಮೊದಲ ಎಚ್ಚರಿಕೆ, ಏಕೆಂದರೆ ಪಾದರಸ ತಗುಲಿದ ಚಿನ್ನ ಬೆಳ್ಳಗಾಗುತ್ತದೆ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯ ಜನರಿಗೆ, ಅದರಲ್ಲೂ ಅಕ್ಕಸಾಲಿಗರಿಗೆ, ಪಾದರಸ ಚಿನ್ನವನ್ನು ಹಿಡಿದುಕೊಳ್ಳುವ ಈ ಗುಣ ಹೇಳಿಕೊಡಬೇಕಾದ್ದಲ್ಲ. ಆಮೇಲೆ ಬೆರೆಸುವ ಯಂತ್ರ ಬಂತು. ಪುಡಿ ಮತ್ತು ಪಾದರಸವನ್ನು ಅಳತೆಮಾಡಿ ಮುಚ್ಚಿದ ಕ್ಯಾಪ್ಸೂಲ್ ಬಂತು.

ಈ ವಸ್ತುವನ್ನು ಬೈಯುವ ಮುನ್ನ ಅದು ಮಾಡಿದ ಉಪಕಾರವನ್ನು ಒಪ್ಪಿಕೊಳ್ಳಬೇಕು. ಎಂಜಲು ತಾಗಿದರೂ ಅಮಾಲ್ಗಮ್ ಅಷ್ಟಾಗಿ ಕೆಡುವುದಿಲ್ಲ. ಕರೆಂಟು ಹೋದರೂ ತಾನಾಗಿಯೇ ಗಟ್ಟಿಯಾಗುತ್ತದೆ. ಕಾಲ ಕಳೆದಂತೆ ಅದರ ಅಂಚಿನಲ್ಲಿ ಹುಟ್ಟುವ ತುಕ್ಕು ಹಲ್ಲಿಗೂ ತುಂಬಿಗೂ ನಡುವಿನ ಸಂದನ್ನು ತಾನೇ ಮುಚ್ಚುತ್ತದೆ. ಕಲಿಯುವವರ ಕೈ ಸ್ವಲ್ಪ ತಪ್ಪಿದರೂ ಕ್ಷಮಿಸುವ ಗುಣ ಅದಕ್ಕಿದೆ. ಕಿತ್ತು ಬಿಸಾಡಬೇಕಿದ್ದ ಲೆಕ್ಕವಿಲ್ಲದಷ್ಟು ಹಲ್ಲುಗಳು ಅದರಿಂದ ಉಳಿದಿವೆ.

ಹಳೆಯ ತಕರಾರು

ಪಾದರಸದ ಬಗ್ಗೆ ಜಗಳ ಇಂದಿನದಲ್ಲ. ಚೀನಾದಲ್ಲಿ ತಾಂಗ್ ಅರಸರ ಕಾಲದ, ಏಳನೇ ಶತಮಾನದ ವೈದ್ಯ ಗ್ರಂಥದಲ್ಲೇ ಹಲ್ಲಿಗೆ ತುಂಬುವ ಬೆಳ್ಳಿಯ ಮುದ್ದೆಯ ಪ್ರಸ್ತಾಪವಿದೆ. ಯುರೋಪಿನಲ್ಲಿ 1826ರ ಸುಮಾರಿಗೆ ಪ್ಯಾರಿಸ್ಸಿನ ಆಗುಸ್ತ್ ತಾವೊ ಬೆಳ್ಳಿ ನಾಣ್ಯದ ಪುಡಿಗೆ ಪಾದರಸ ಬೆರೆಸಿ ಬಳಸಿದ. 1833ರಲ್ಲಿ ಕ್ರಾಕರ್ ಸಹೋದರರು ಅದನ್ನು ಅಮೆರಿಕಕ್ಕೆ ಒಯ್ದರು. ಆಗ ಅಲ್ಲಿನ ಪ್ರತಿಷ್ಠಿತ ದಂತವೈದ್ಯರು ತುಂಬುತ್ತಿದ್ದದ್ದು ಚಿನ್ನ. 1845ರಲ್ಲಿ ಅವರ ಸಂಘ, ಅಮಾಲ್ಗಮ್ ಮುಟ್ಟುವುದಿಲ್ಲವೆಂದು ಸದಸ್ಯರಿಂದ ಲಿಖಿತ ಪ್ರತಿಜ್ಞೆ ಕೇಳಿತು. ಚಿನ್ನ ಕೊಳ್ಳಲಾರದವರ ಹಲ್ಲಿಗೆ ಬೇರೆ ದಾರಿಯಿರಲಿಲ್ಲ; ಸದಸ್ಯರು ಒಬ್ಬೊಬ್ಬರಾಗಿ ಸಂಘವನ್ನೇ ಬಿಟ್ಟರು. 1856ರಲ್ಲಿ ಸಂಘ ಮುಚ್ಚಿತು, ಅಮಾಲ್ಗಮ್ ಉಳಿಯಿತು.

ಅದಕ್ಕೆ ಶಾಸ್ತ್ರದ ಗೌರವ ತಂದುಕೊಟ್ಟವನು ಷಿಕಾಗೋದ ಜಿ.ವಿ. ಬ್ಲ್ಯಾಕ್. 1895–96ರಲ್ಲಿ ಆತ ಲೋಹಗಳ ಪ್ರಮಾಣವನ್ನು ಪರೀಕ್ಷೆ ಮಾಡಿ ನಿಗದಿಗೊಳಿಸಿದ. ಜೊತೆಗೆ ಕುಳಿಯನ್ನು ಹೇಗೆ ಕೊರೆಯಬೇಕು ಎಂಬ ನಿಯಮಗಳನ್ನೂ ಬರೆದ. ನಮ್ಮ ರಾಜ್ಯದಲ್ಲಿ 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದ್ದು, 1979ರಲ್ಲಿ ದಾವಣಗೆರೆಯ ಬಾಪೂಜಿ ದಂತ ಕಾಲೇಜು ಶುರುವಾದಾಗ ದಂತಶಾಸ್ತ್ರದ ಪಾಠಕ್ಕೆ ಬುನಾದಿಯಾಗಿದ್ದದ್ದು ಆ ನಿಯಮಗಳೇ. ವಸ್ತುವಿನ ಜೊತೆಗೆ ಒಂದು ಯೋಚನಾಕ್ರಮವೂ ಬಂದಿತ್ತು. ಇವತ್ತು ಬದಲಾಗಬೇಕಿರುವುದು ಮುಖ್ಯವಾಗಿ ಅದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಾಯಲ್ಲಿರುವುದು ವಿಷವೇ?

ಈ ಲೇಖನ ಓದುತ್ತಲೇ ನಾಲಿಗೆಯಿಂದ ತಮ್ಮ ದವಡೆ ಹಲ್ಲನ್ನು ತಡವಿ ನೋಡುವವರು ಇರಬಹುದು. ಅವರು ಗಾಬರಿಯಾಗಬೇಕಿಲ್ಲ.

ಗಟ್ಟಿಯಾದ ಅಮಾಲ್ಗಮ್‌ನಲ್ಲಿ ಪಾದರಸ ಇತರ ಲೋಹಗಳೊಂದಿಗೆ ಬೆಸೆದುಕೊಂಡಿರುತ್ತದೆ. ಅಗಿಯುವಾಗ, ಹಲ್ಲು ಕಡಿಯುವಾಗ ಅತ್ಯಲ್ಪ ಆವಿ ಹೊರಬರುತ್ತದೆ ಎಂಬುದು ನಿಜ. ಅದರಿಂದ ಮಕ್ಕಳ ಮಿದುಳಿಗೆ ತೊಂದರೆಯೇ ಎಂದು ತಿಳಿಯಲು ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ 534 ಮಕ್ಕಳ ಮೇಲೆ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 507 ಮಕ್ಕಳ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಯಿತು. 2006ರಲ್ಲಿ ಫಲಿತಾಂಶ ಪ್ರಕಟವಾದಾಗ, ಅಮಾಲ್ಗಮ್ ತುಂಬಿಸಿಕೊಂಡ ಮಕ್ಕಳಿಗೂ ಇತರರಿಗೂ ಬುದ್ಧಿ, ನೆನಪು, ಏಕಾಗ್ರತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಿದ್ದೂ ಎಚ್ಚರಿಕೆ ಬೇಕಾದವರಿದ್ದಾರೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಅಥವಾ ನರದ ಕಾಯಿಲೆ ಇರುವವರು ಸಾಧ್ಯವಾದಷ್ಟು ಅಮಾಲ್ಗಮ್ ತಪ್ಪಿಸಲಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಹೇಳಿತು. ಸುಸ್ಥಿತಿಯಲ್ಲಿರುವ ಹಳೆಯ ತುಂಬನ್ನು ಸುಮ್ಮನೆ ತೆಗೆಸಬೇಡಿ ಎಂದೂ ಅದೇ ಸಂಸ್ಥೆ ಹೇಳಿದೆ. ಡ್ರಿಲ್ ತಾಗಿಸಿ ಕೊರೆಯುವಾಗಲೇ ಹೆಚ್ಚು ಆವಿ ಏಳುವುದು.

ತುಂಬುವಾಗ ಮತ್ತು ಕೊರೆದು ತೆಗೆಯುವಾಗ ಆವಿ ಹೆಚ್ಚು ಎಂದಾದರೆ ಅದನ್ನು ದಿನವೂ ಉಸಿರಾಡುವವರು ಯಾರು? ರೋಗಿ ಬಂದು ಹೋಗುತ್ತಾನೆ. ದಂತವೈದ್ಯರು, ಪಕ್ಕದಲ್ಲಿ ನಿಂತು ಸಲಕರಣೆ ಕೊಡುವ ಸಹಾಯಕಿ, ನೆಲ ಒರೆಸುವ ಆಯಾ, ಪ್ರಯೋಗಾಲಯದಲ್ಲಿ ಸಾಲಾಗಿ ಕೂತು ಅಭ್ಯಾಸ ಮಾಡುವ ಹದಿಹರೆಯದ ವಿದ್ಯಾರ್ಥಿಗಳು ಅಲ್ಲೇ ಇರುತ್ತಾರೆ. ಪಾದರಸದ ಹನಿ ಟೈಲ್ಸಿನ ಸಂದಿಗೆ ಜಾರಿದರೆ ಕಣ್ಣಿಗೆ ಕಾಣದಂತೆ ತಿಂಗಳುಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಕಸಬರಿಗೆಯಿಂದ ಗುಡಿಸಿದರೆ ಒಂದು ಹನಿ ನೂರು ಹನಿಯಾಗುತ್ತದೆ. ಅಮಾಲ್ಗಮ್ ಚರ್ಚೆಯಲ್ಲಿ ರೋಗಿಯ ಬಾಯಿಗೆ ಸಿಕ್ಕಷ್ಟು ಗಮನ ಈ ಕೆಲಸಗಾರರ ಉಸಿರಿಗೆ ಸಿಕ್ಕಿಲ್ಲ. ಇದು ಸರಿಯಲ್ಲ.

ಚರಂಡಿಗೆ ಇಳಿದ ಮೇಲೆ

ಹಲ್ಲಿಗೆ ತುಂಬಲು ಕಲಸಿದ್ದೆಲ್ಲ ಹಲ್ಲಿಗೇ ಹೋಗುವುದಿಲ್ಲ. ಕೆತ್ತಿದ ಚೂರು ಉಗುಳುವ ಬೋಗುಣಿಯಲ್ಲಿ ಬೀಳುತ್ತದೆ, ಹೀರುವ ಕೊಳವೆಯಲ್ಲಿ ಹೋಗುತ್ತದೆ, ಅಲ್ಲಿಂದ ಚರಂಡಿಗೆ. ಹಳೆಯ ತುಂಬು ತೆಗೆದಾಗ ಅದರ ಪುಡಿಯೂ ಅದೇ ದಾರಿ ಹಿಡಿಯುತ್ತದೆ. ಅಮಾಲ್ಗಮ್ ಇರುವ ಕಿತ್ತ ಹಲ್ಲು ಆಸ್ಪತ್ರೆ ಕಸದೊಂದಿಗೆ ಸುಡುವ ಕುಲುಮೆಗೆ ಹೋದರೆ ಪಾದರಸ ಗಾಳಿಗೆ ಸೇರುತ್ತದೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಚಿತೆಯ ಬೆಂಕಿ ಅದಕ್ಕಿಂತ ಬಹಳ ಹೆಚ್ಚು ಬಿಸಿ. ಶವದಹನದ ಹೊಗೆಯಲ್ಲೂ ಹಲ್ಲಿನ ಪಾದರಸ ಮೇಲೇರುತ್ತದೆ.

ನೀರಿಗೆ ಸೇರಿದ ಪಾದರಸವನ್ನು ಕೆಸರಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಬದಲಿಸಬಲ್ಲವು. ಅದು ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಊಟದ ತಟ್ಟೆಗೆ ಹೆಚ್ಚುತ್ತಾ ಬರುತ್ತದೆ. ಜಪಾನಿನ ಮಿನಮಾಟಾ ಕೊಲ್ಲಿಯ ಮೀನುಗಾರ ಕುಟುಂಬಗಳು ನರಳಿದ್ದು ಹೀಗೆಯೇ. ಅಲ್ಲಿ ವಿಷ ಬಿಟ್ಟದ್ದು ರಾಸಾಯನಿಕ ಕಾರ್ಖಾನೆ. ಕಾಯಿಲೆ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ನಮ್ಮ ದಕ್ಷಿಣದಲ್ಲೇ, ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ, ಪಾದರಸದ ಥರ್ಮಾಮೀಟರ್ ಕಾರ್ಖಾನೆಯೊಂದು ಮಾಲಿನ್ಯದ ದೂರಿನಿಂದ 2001ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣು ಸ್ವಚ್ಛಗೊಳಿಸುವ ವ್ಯಾಜ್ಯ ಎರಡು ದಶಕ ಎಳೆಯಿತು.

ಮಿನಮಾಟಾದ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2013ರ ಅಕ್ಟೋಬರ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2014ರಲ್ಲಿ ಸಹಿ ಹಾಕಿ 2018ರಲ್ಲಿ ಅನುಮೋದಿಸಿತು. ಅಮಾಲ್ಗಮ್ ತಗ್ಗಿಸಲು ಒಪ್ಪಂದ ಪಟ್ಟಿ ಮಾಡಿದ ಒಂಬತ್ತು ಕ್ರಮಗಳಲ್ಲಿ ಒಂದು ನೇರವಾಗಿ ದಂತ ಕಾಲೇಜುಗಳ ಕುರಿತದ್ದು: ಪಾದರಸವಿಲ್ಲದ ಬದಲಿ ವಸ್ತುಗಳ ಬಳಕೆಯನ್ನು ವಿದ್ಯಾರ್ಥಿಗಳಿಗೆ ಕಲಿಸಲು ಉತ್ತೇಜಿಸಬೇಕು.

ಪ್ರಮಾಣದ ಅಂದಾಜು ಓದುಗರಿಗೆ ಇರಲಿ. 2015ರಲ್ಲಿ ಜಗತ್ತಿನಾದ್ಯಂತ ಹಲ್ಲಿಗೆ ಬಳಕೆಯಾದ ಪಾದರಸ ಸುಮಾರು 270 ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜಿಸಿದೆ. ಗಾಳಿಗೆ ಸೇರುವ ಪಾದರಸದಲ್ಲಿ ದೊಡ್ಡ ಪಾಲು ಸಣ್ಣ ಪ್ರಮಾಣದ ಚಿನ್ನ ಗಣಿಗಾರಿಕೆ ಮತ್ತು ಕಲ್ಲಿದ್ದಲ ಬೆಂಕಿಯದು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳ ನೆರಳಿನಲ್ಲಿರುವ ರಾಯಚೂರಿಗರು ‘ಅದನ್ನು ಬಿಟ್ಟು ಹಲ್ಲಿನ ಹಿಂದೆ ಯಾಕೆ ಬಿದ್ದಿರಿ?’ ಎಂದು ಕೇಳಿದರೆ ತಪ್ಪಲ್ಲ. ಎರಡನ್ನೂ ಕೇಳಬೇಕು ಎಂಬುದೇ ಉತ್ತರ. ವಿದ್ಯುತ್ ಸ್ಥಾವರವನ್ನು ಬದಲಿಸಲು ದೇಶದ ಇಂಧನ ನೀತಿ ಬದಲಾಗಬೇಕು. ಕಾಲೇಜಿನ ಕೊಳವೆಗೆ ಅಮಾಲ್ಗಮ್ ಚೂರು ಸೋಸುವ ಸಾಧನ ಕೂರಿಸಲು ಆಡಳಿತ ಮಂಡಳಿಯ ಒಂದು ತೀರ್ಮಾನ ಸಾಕು. ಅಂತರರಾಷ್ಟ್ರೀಯ ಮಾನದಂಡದ ಸೋಸುಕ ಕನಿಷ್ಠ ಶೇ 95ರಷ್ಟು ಚೂರನ್ನು ಹಿಡಿಯಬೇಕು. ಐರೋಪ್ಯ ಒಕ್ಕೂಟ 2019ರಿಂದ ಅದನ್ನು ಕಡ್ಡಾಯ ಮಾಡಿದೆ. 2025ರ ಜನವರಿಯಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಪ್ರಕರಣ ಬಿಟ್ಟು, ಅಮಾಲ್ಗಮ್ ಬಳಕೆಯನ್ನೇ ನಿಷೇಧಿಸಿದೆ. ನಾರ್ವೆ, ಸ್ವೀಡನ್ ಒಂದೂವರೆ ದಶಕದ ಹಿಂದೆಯೇ ಬಿಟ್ಟಿವೆ.

ಕುಳಿ ಕೊರೆಯುವ ಪಾಠ

ಎರಡನೇ ವರ್ಷದ ಬಿಡಿಎಸ್ ವಿದ್ಯಾರ್ಥಿಗೆ ರೋಗಿ ಸಿಗುವುದಿಲ್ಲ. ಅವನ ಮುಂದೆ ಇರುವುದು ಮೊದಲು ಪ್ಲಾಸ್ಟರಿನಲ್ಲಿ ಮಾಡಿದ ದೊಡ್ಡ ಹಲ್ಲು, ಆಮೇಲೆ ಪ್ಲಾಸ್ಟರಿನಲ್ಲಿ ಹೂತ ಕಿತ್ತ ಹಲ್ಲು, ಅಥವಾ ಲೋಹದ ತಲೆಗೆ ಜೋಡಿಸಿದ ಪ್ಲಾಸ್ಟಿಕ್ ದವಡೆ. ಅದರ ಮೇಲೆ ಬ್ಲ್ಯಾಕ್‌ನ ನಿಯಮದ ಪ್ರಕಾರ ಕುಳಿ ಕೊರೆಯಬೇಕು.

ಆ ನಿಯಮಕ್ಕೊಂದು ಕಾರಣವಿದೆ. ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಕುಳಿಯ ಆಕಾರವೇ ಅದನ್ನು ಹಿಡಿದಿಡಬೇಕು. ಆದ್ದರಿಂದ ಕುಳಿಯ ಬಾಯಿ ಕಿರಿದಾಗಿ, ತಳ ಅಗಲವಾಗಿ ಇರಬೇಕು. ಒತ್ತಡಕ್ಕೆ ಮುರಿಯದಿರಲು ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪ ಬೇಕು. ಹುಳುಕು ಅಷ್ಟು ಆಳಕ್ಕೆ ಹೋಗದಿದ್ದರೂ ಅಷ್ಟು ಕೊರೆಯಬೇಕು. ಮುಂದೆ ಹುಳುಕು ಬರಬಹುದಾದ ಗೆರೆಗಳನ್ನೂ ಮುನ್ನೆಚ್ಚರಿಕೆಯಾಗಿ ಸೇರಿಸಿಕೊಂಡು ಕುಳಿಯನ್ನು ಅಗಲ ಮಾಡಬೇಕೆಂದು ಬ್ಲ್ಯಾಕ್ ಬೋಧಿಸಿದ. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಇಲ್ಲದ, ಹುಳುಕು ತಡೆಯುವ ದಾರಿ ತಿಳಿಯದ ಕಾಲಕ್ಕೆ ಅದು ವಿವೇಕದ ಮಾತಾಗಿತ್ತು.

ಪರಿಣಾಮ ಏನೆಂದರೆ, ಗಟ್ಟಿಮುಟ್ಟಾದ ಹಲ್ಲಿನ ಭಾಗವೂ ತುಂಬಿಗೆ ಜಾಗ ಮಾಡಿಕೊಡಲು ಹೋಗುತ್ತದೆ. ಹತ್ತು ಹದಿನೈದು ವರ್ಷದ ನಂತರ ತುಂಬು ಬದಲಿಸುವಾಗ ಇನ್ನಷ್ಟು ಹೋಗುತ್ತದೆ. ಒಂದು ದಿನ ಉಳಿದ ತೆಳು ಗೋಡೆ ಸೀಳಿ ಹಲ್ಲು ಕೀಳುವ ಪ್ರಸಂಗ ಬರುತ್ತದೆ.

ಈಗ ನಮಗೆ ಗೊತ್ತಿರುವುದು ಬೇರೆ. ಹುಳುಕು ಹಿಡಿದ ಮೆತ್ತಗಿನ ಭಾಗವನ್ನು ಪೂರ್ತಿ ಕೆರೆದು ತೆಗೆಯಲೇಬೇಕೆಂದಿಲ್ಲ. ನರಕ್ಕೆ ಹತ್ತಿರವಿರುವ ಸ್ವಲ್ಪ ಭಾಗ ಬಿಟ್ಟು ಮೇಲೆ ಬಿಗಿಯಾಗಿ ಮುಚ್ಚಿದರೆ ಒಳಗಿನ ಸೂಕ್ಷ್ಮಜೀವಿಗಳಿಗೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ. ಆದರೆ ವಿದ್ಯಾರ್ಥಿಯ ಕೈ ಮೊದಲು ಕಲಿಯುವುದು ಅಗಲ ಮಾಡುವುದನ್ನು. ಆಮೇಲೆ ಉಪನ್ಯಾಸದಲ್ಲಿ ‘ಹಲ್ಲನ್ನು ಆದಷ್ಟು ಉಳಿಸಿ’ ಎಂದು ಕೇಳಿಸಿಕೊಂಡರೂ ಕೈ ಹಳೆಯ ಪಾಠವನ್ನೇ ಮಾಡುತ್ತದೆ. ಪರೀಕ್ಷೆಯಲ್ಲಿ ಅಂಕ ಕೊಡುವುದು ಯಾವ ಕುಳಿಗೆ ಎಂಬುದರ ಮೇಲೆ ಕಲಿಕೆ ನಿಂತಿದೆ. ಯಾವ ದೇಶದ ವಿದ್ಯಾರ್ಥಿಯೂ ಇದಕ್ಕೆ ಹೊರತಲ್ಲ.

ಇದರ ಮೇಲೆ ‘ಕೋಟಾ’ದ ಕಟ್ಟುಪಾಡು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿರಬೇಕು ಎಂಬ ಲೆಕ್ಕ ತುಂಬಿದರೆ ಮಾತ್ರ ವಿದ್ಯಾರ್ಥಿ ಪರೀಕ್ಷೆಗೆ ಕೂರುತ್ತಾನೆ. ಕೋಟಾದಲ್ಲಿ ಅಮಾಲ್ಗಮ್ ಇದ್ದರೆ ಅಮಾಲ್ಗಮ್‌ಗೆ ತಕ್ಕ ರೋಗಿಯನ್ನು ಹುಡುಕಬೇಕಾಗುತ್ತದೆ. ಕಲ್ಮಲ ದಾಟಿ ಬಂದ ಹೆಣ್ಣುಮಗಳ ಹಲ್ಲಿಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಯನ್ನು ಲಾಗ್‌ಬುಕ್ಕಿನ ಖಾಲಿ ಸಾಲು ತೀರ್ಮಾನಿಸಬಾರದು.

ಬೇರೆ ದಾರಿ ಇದೆ ಎಂದು ಮಾಡಿ ತೋರಿಸಿದವರಿದ್ದಾರೆ. ನೆದರ್ಲೆಂಡ್ಸ್‌ನ ನೈಮೇಖನ್ ವಿಶ್ವವಿದ್ಯಾಲಯದ ದಂತ ಶಾಲೆ 2000ದ ದಶಕದ ಆರಂಭದಲ್ಲೇ ಅಮಾಲ್ಗಮ್ ತುಂಬುವ ಅಭ್ಯಾಸವನ್ನು ಪಾಠದಿಂದ ತೆಗೆಯಿತು. ಆ ಅನುಭವವನ್ನು ಅಲ್ಲಿನ ಅಧ್ಯಾಪಕರು 2004ರಲ್ಲಿ ಬರೆದು ಪ್ರಕಟಿಸಿದರು.

ಬದಲಿ ವಸ್ತುಗಳ ಬಲ, ದೌರ್ಬಲ್ಯ

ಎರಡು ಮುಖ್ಯ ಬದಲಿಗಳಿವೆ. ಒಂದು ಕಾಂಪೊಸಿಟ್: ಪ್ಲಾಸ್ಟಿಕ್ ರಾಳದಲ್ಲಿ ಗಾಜಿನ ನುಣ್ಣನೆ ಪುಡಿ ಕೂಡಿಸಿದ, ಹಲ್ಲಿನದೇ ಬಣ್ಣದ ವಸ್ತು. ಹಲ್ಲನ್ನು ಆಮ್ಲದಿಂದ ಒರಟು ಮಾಡಿ ಅಂಟಿಸಬಹುದೆಂದು 1955ರಲ್ಲಿ ಬ್ಯುನೊಕೋರ್ ಕಂಡುಕೊಂಡ. ಆಮೇಲೆ ಬೋವೆನ್ ಎಂಬ ವಿಜ್ಞಾನಿ ತಕ್ಕ ರಾಳ ತಯಾರಿಸಿದ. ಎರಡು ಮಿಲಿಮೀಟರ್ ಪದರಗಳಾಗಿ ಹಾಕುತ್ತಾ, ಪ್ರತಿ ಪದರಕ್ಕೂ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಬೇಕು. ಇನ್ನೊಂದು ಗ್ಲಾಸ್ ಅಯನೊಮರ್ ಸಿಮೆಂಟ್: ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಆರಂಭದಲ್ಲಿ ಜಗತ್ತಿಗೆ ಕೊಟ್ಟದ್ದು. ಪುಡಿ, ದ್ರವ ಕಲಸಿ ಹಾಕಿದರೆ ಹಲ್ಲಿಗೆ ತಾನೇ ಅಂಟುತ್ತದೆ, ತಾನೇ ಗಟ್ಟಿಯಾಗುತ್ತದೆ, ನಿಧಾನವಾಗಿ ಫ್ಲೋರೈಡ್ ಬಿಡುತ್ತದೆ.

ಕಾಂಪೊಸಿಟ್ ಬಗ್ಗೆ ಸತ್ಯ ಹೇಳಿಬಿಡಬೇಕು. ಅಮಾಲ್ಗಮ್‌ಗೆ ಹೋಲಿಸಿದರೆ ದವಡೆ ಹಲ್ಲಿನಲ್ಲಿ ಅದು ಕೆಡುವ ಸಂಭವ ಸುಮಾರು ಎರಡುಪಟ್ಟು ಎಂದು 2021ರ ಕೊಕ್ರೇನ್ ಪರಾಮರ್ಶೆ ಹೇಳಿತು. ಆಧಾರವಾದ ಅಧ್ಯಯನಗಳು ಹಳೆಯವು ಮತ್ತು ಅಷ್ಟು ಗಟ್ಟಿಯಲ್ಲ ಎಂದೂ ಸೇರಿಸಿತು. ಕಾಂಪೊಸಿಟ್‌ಗೆ ಒಂದು ಹನಿ ಎಂಜಲೂ ಆಗದು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಒಣಗಿಸಿಡಬೇಕು. ಸಮಯ ಹೆಚ್ಚು, ಖರ್ಚು ಹೆಚ್ಚು, ಕೈಚಳಕ ಬಹಳ ಹೆಚ್ಚು ಬೇಕು. ಅರೆಬರೆ ಕಲಿತ ಕೈಯ ಕಾಂಪೊಸಿಟ್‌ಗಿಂತ ಚೆನ್ನಾಗಿ ಕಲಿತ ಕೈಯ ಅಮಾಲ್ಗಮ್ ರೋಗಿಗೆ ಹೆಚ್ಚು ಕಾಲ ಬಂದೀತು. ಪಾಠಪಟ್ಟಿಯಿಂದ ಅಮಾಲ್ಗಮ್ ಅಳಿಸಿ, ಬಿಟ್ಟ ಗಂಟೆಗಳನ್ನು ಅಂಟಿಸುವ ಕೆಲಸದ ಕಠಿಣ ಅಭ್ಯಾಸಕ್ಕೆ ಕೊಡದಿದ್ದರೆ ನಷ್ಟ ಬಡರೋಗಿಗೇ.

ಗ್ಲಾಸ್ ಅಯನೊಮರ್ ಅಷ್ಟು ಬಲವಾದುದಲ್ಲ. ದೊಡ್ಡ ಕುಳಿಯಲ್ಲಿ ಸವೆಯುತ್ತದೆ. ಆದರೆ ಹಳ್ಳಿಗೆ ಅದು ಸಲ್ಲುತ್ತದೆ. 1980ರ ದಶಕದ ನಡುವೆ ತಾಂಜಾನಿಯಾದಲ್ಲಿ, ಕರೆಂಟಿಲ್ಲದ ಕಡೆ, ಡ್ರಿಲ್ ಬಳಸದೆ ಕೈಸಲಕರಣೆಯಿಂದಲೇ ಹುಳುಕು ಕೆರೆದು ಸಿಮೆಂಟ್ ಒತ್ತುವ ವಿಧಾನ ರೂಪುಗೊಂಡಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪ್ರೋತ್ಸಾಹಿಸಿತು. 2021ರಲ್ಲಿ ಅದೇ ಸಂಸ್ಥೆ ಗ್ಲಾಸ್ ಅಯನೊಮರ್ ಅನ್ನೂ, ಹುಳುಕು ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ದ್ರಾವಣ ಹಚ್ಚಿದ ಹುಳುಕು ಕಪ್ಪಾಗುತ್ತದೆ. ಮಗುವಿನ ತಾಯಿಗೆ ಮೊದಲೇ ಹೇಳಬೇಕು. ನೋವಿಲ್ಲ, ಸೂಜಿಯಿಲ್ಲ, ನಿಮಿಷಗಳ ಕೆಲಸ. ಶಾಲೆಯ ಜಗುಲಿಯ ಮೇಲೂ ಮಾಡಬಹುದು.

ಫ್ಲೋರೈಡ್ ನೀರಿನ ನಾಡಿನಲ್ಲಿ

ರಾಯಚೂರು ಜಿಲ್ಲೆಗೆ ಇದರಲ್ಲಿ ತನ್ನದೇ ಆದ ತೊಡಕೊಂದಿದೆ. ಇಲ್ಲಿನ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ, ಗುಳಿ ಕಾಣುತ್ತವೆ. ಇಂಥ ಹಲ್ಲುಗಳನ್ನು ಇಲ್ಲಿನ ಶಾಲೆಗಳ ಮಕ್ಕಳ ನಗೆಯಲ್ಲಿ ಯಾರು ಬೇಕಾದರೂ ನೋಡಬಹುದು.

ಅಂಟಿಸುವ ವಿಧಾನಕ್ಕೂ ಇದಕ್ಕೂ ಸಂಬಂಧವಿದೆ. ಫ್ಲೋರೈಡ್ ಹೆಚ್ಚು ಹೀರಿದ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತೊಂದರೆ ತೀವ್ರವಾದಷ್ಟೂ ಕಾಂಪೊಸಿಟ್ ಹಿಡಿಯುವ ಬಲ ಕುಗ್ಗುತ್ತದೆ. ಮೇಲ್ಪದರವನ್ನು ತುಸು ಉಜ್ಜಬೇಕು, ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕು, ಅಂಟನ್ನು ನೋಡಿ ಆರಿಸಬೇಕು. ಅಂಟೇ ಬೇಡದ ಅಮಾಲ್ಗಮ್‌ಗೆ ಈ ಗೊಡವೆ ಇರಲಿಲ್ಲ. ಬೆಂಗಳೂರಿನ ಅಥವಾ ಹೊರದೇಶದ ಪಠ್ಯವನ್ನು ಇದ್ದಹಾಗೆ ತಂದು ರಾಯಚೂರಿನಲ್ಲಿ ಒಪ್ಪಿಸಿದರೆ ಕಾಂಪೊಸಿಟ್ ಉದುರುತ್ತದೆ. ಉದುರಿದಾಗ ದೂರು ಬರುವುದು ವಸ್ತುವಿನ ಮೇಲೆ.

ಆದ್ದರಿಂದ ಈ ಭಾಗದ ಕಾಲೇಜುಗಳಿಗೆ ಅನುಕರಣೆಗಿಂತ ದೊಡ್ಡ ಅವಕಾಶವಿದೆ. ಫ್ಲೋರೈಡ್ ಹಲ್ಲಿಗೆ ಯಾವ ತುಂಬು ಎಷ್ಟು ಕಾಲ ಬಾಳುತ್ತದೆ ಎಂದು ತಮ್ಮ ಹೊರರೋಗಿ ವಿಭಾಗದ ದಾಖಲೆಯಿಂದಲೇ ವರ್ಷ ವರ್ಷ ನೋಡಿ ಹೇಳಬಲ್ಲವರು ಅವರು. ದೇವದುರ್ಗ, ಮಾನ್ವಿಯ ಜನರ ಬಾಯಿಯ ಬಗ್ಗೆ ಇಷ್ಟು ಹತ್ತಿರದ ತಿಳಿವಳಿಕೆ ಬೇರೆ ಯಾರ ಬಳಿ ಇರಲು ಸಾಧ್ಯ?

ಏನು ಬಿಡಬೇಕು, ಏನು ಉಳಿಸಬೇಕು

ಅಮಾಲ್ಗಮ್ ತುಂಬುವ ಅಭ್ಯಾಸವನ್ನು ಎರಡನೇ ವರ್ಷದ ಪ್ರಯೋಗಾಲಯದಿಂದ ಪೂರ್ತಿ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಿತ್ತ ಹಲ್ಲಿಗೆ ಪಾದರಸ ತುಂಬಿ ಅಂಕ ಪಡೆಯುವುದರಲ್ಲಿ ಯಾವ ರೋಗಿಗೂ ಪ್ರಯೋಜನವಿಲ್ಲ, ಉಸಿರಾಡುವ ಮಕ್ಕಳಿಗೆ ಹಾನಿಯಿದೆ. ಒತ್ತುವ, ಕೆತ್ತುವ ಕೈಹದ ಕಲಿಸಲು ಮೇಣವೂ ಸಿಮೆಂಟೂ ಸಾಕು. ಬಾಟಲಿಯಲ್ಲಿ ದ್ರವ ಪಾದರಸ ಇಟ್ಟುಕೊಳ್ಳುವುದಕ್ಕಂತೂ ಇನ್ನು ಯಾವ ಸಮರ್ಥನೆಯೂ ಇಲ್ಲ. ಒಪ್ಪಂದದ ರಾಷ್ಟ್ರಗಳು 2022ರಲ್ಲೇ ಅದನ್ನು ಬೇಡವೆಂದಿವೆ. 15 ವರ್ಷದೊಳಗಿನವರು, ಗರ್ಭಿಣಿಯರು, ಹಾಲೂಡಿಸುವವರಿಗೆ ಅಮಾಲ್ಗಮ್ ಬೇಡವೆಂದೂ ಹೇಳಿವೆ.

ಆದರೆ ಪಾದರಸದ ತಿಳಿವಳಿಕೆಯನ್ನು ಪಠ್ಯದಿಂದ ತೆಗೆಯುವುದು ದೊಡ್ಡ ತಪ್ಪಾದೀತು. ಈಗಿನ ವಿದ್ಯಾರ್ಥಿಗಳು ಹೊಸದಾಗಿ ತುಂಬದಿದ್ದರೂ, ಅವರ ಅಜ್ಜ ಅಜ್ಜಿ, ಅಪ್ಪ ಅಮ್ಮಂದಿರ ಬಾಯಲ್ಲಿರುವ ಅಮಾಲ್ಗಮ್ ಇನ್ನೂ ಮೂರು ನಾಲ್ಕು ದಶಕ ದುರಸ್ತಿಗೆ ಬರುತ್ತಲೇ ಇರುತ್ತದೆ. ಅದನ್ನು ಪುಡಿಮಾಡದೆ ದೊಡ್ಡ ತುಂಡಾಗಿ ತೆಗೆಯುವುದು, ಧಾರಾಳ ನೀರು ಮತ್ತು ಬಲವಾದ ಹೀರುಕೊಳವೆ ಬಳಸುವುದು, ಕಿಟಕಿ ತೆರೆಯುವುದು, ಚೂರನ್ನು ಗಾಳಿಯಾಡದ ಡಬ್ಬಿಯಲ್ಲಿ ಬೇರೆ ಇಡುವುದು, ಅಮಾಲ್ಗಮ್ ಇರುವ ಹಲ್ಲನ್ನು ಕುಲುಮೆಗೂ ಬಿಸಿ ಆವಿಯ ಯಂತ್ರಕ್ಕೂ ಹಾಕದಿರುವುದು, ಚೆಲ್ಲಿದ ಹನಿಯನ್ನು ಗುಡಿಸದೆ ಗಂಧಕದ ಪುಡಿ ಹಾಕಿ ಎತ್ತುವುದು. ಇವುಗಳಿಗೆ ಪರೀಕ್ಷೆಯಲ್ಲಿ ಅಂಕವಿರಬೇಕು. ವಿದ್ಯಾರ್ಥಿಗಳಿಗಷ್ಟೇ ಸಾಲದು, ಸಹಾಯಕಿಗೂ ನೆಲ ಒರೆಸುವವರಿಗೂ ಕನ್ನಡದಲ್ಲಿ ಕಲಿಸಬೇಕು.

ಇದನ್ನೆಲ್ಲ ಒಂದೊಂದು ಕಾಲೇಜೇ ಮಾಡಿಕೊಳ್ಳಲಿ ಎಂದು ಬಿಡುವಂತಿಲ್ಲ. ಪಠ್ಯ, ಪರೀಕ್ಷೆಯ ಚೌಕಟ್ಟು ಹಾಕುವುದು ರಾಷ್ಟ್ರಮಟ್ಟದ ನಿಯಂತ್ರಣ ಸಂಸ್ಥೆ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿತು. ಹೊಸ ವ್ಯವಸ್ಥೆ ಪಠ್ಯ ಬರೆಯುವಾಗಲೇ ಅಂಟಿಸುವ ವಿಧಾನವನ್ನು ಮೊದಲ ಪಾಠವಾಗಿಸಬೇಕು, ಕೋಟಾದಲ್ಲಿ ವಸ್ತುವಿನ ಹೆಸರನ್ನೇ ಕೈಬಿಟ್ಟು ‘ಉಳಿಸಿದ ಹಲ್ಲು’ ಎಂದು ಲೆಕ್ಕ ಹಾಕಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಇದಕ್ಕೆ ದಾರಿ ಮಾಡಿದರೆ ರಾಜ್ಯದ ಕಾಲೇಜುಗಳು ತಾವಾಗಿ ತಿರುಗುತ್ತವೆ.

ಖರ್ಚಿನ ಪ್ರಶ್ನೆ ಉಳಿಯುತ್ತದೆ. ಕಾಂಪೊಸಿಟ್ ದುಬಾರಿ ಎಂಬ ಕಾರಣಕ್ಕೆ ದಿನಗೂಲಿಯವರು ತುಂಬಿಸುವ ಬದಲು ಕೀಳಿಸಿಕೊಂಡು ಹೋದರೆ ಪಾದರಸ ನಿಷೇಧ ಅವರ ಪಾಲಿಗೆ ಶಿಕ್ಷೆಯಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಒಳ್ಳೆಯ ಗ್ಲಾಸ್ ಅಯನೊಮರ್ ಅನ್ನು ಸರ್ಕಾರ ಔಷಧದಂತೆಯೇ ಪೂರೈಸಬೇಕು. ಅದಿಲ್ಲದೆ ಗಡುವು ಬರೀ ಗಡುವಾಗಿ ಉಳಿಯುತ್ತದೆ.

ಓದುಗರಿಗೆ ಕೊನೆಯದಾಗಿ ಎರಡು ಮಾತು. ನಿಮ್ಮ ಬಾಯಲ್ಲಿ ಹಳೆಯ ಬೆಳ್ಳಿ ತುಂಬು ಗಟ್ಟಿಯಾಗಿದ್ದರೆ ಅದನ್ನು ಹಾಗೇ ಬಿಡಿ. ಹೊಸದಾಗಿ ತುಂಬಿಸಿಕೊಳ್ಳುವಾಗ ‘ಏನು ತುಂಬುತ್ತೀರಿ, ಬೇರೆ ಏನಿದೆ, ಎಷ್ಟು ದಿನ ಬರುತ್ತದೆ?’ ಎಂದು ಕೇಳಿ. ಕಾಲೇಜಿನ ಕುರ್ಚಿಯಲ್ಲಿ ಕೂತು ಕಡಿಮೆ ದುಡ್ಡು ಕೊಡುತ್ತಿದ್ದರೂ ಕೇಳಿ. ಎದುರಿಗಿರುವ ವಿದ್ಯಾರ್ಥಿನಿ ಉತ್ತರ ಕೊಡಲು ಕಲಿಯುವುದೂ ಆ ಪ್ರಶ್ನೆಯಿಂದಲೇ.